ಹಣ್ಣಿಲ್ಲದ ಮನೆಯಲ್ಲಿ ಸೀಬೆಹಣ್ಣಿನ ವಾಸನೆ

ನಿನ್ನೆ ಸಂಜೆ ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೂತ ಸ್ವಲ್ಪ ಹೊತ್ತಿಗೆ ಸೀಬೆಹಣ್ಣಿನ ವಾಸನೆ ಬಂತು. ಚೆನ್ನಾಗಿ ಮಾಗಿ, ಇನ್ನೇನು ಕೊಳೆಯಲಿರುವ ಹಣ್ಣಿನ ವಾಸನೆ. ಬೇರೆಯವರಾದರೆ ಬಾಯಲ್ಲಿ ನೀರೂರಿಸಿಕೊಂಡು ಸುಮ್ಮನಾಗುತ್ತಿದ್ದರು. ನನಗೆ ಮಾತ್ರ ಹಣ್ಣು ಕಣ್ಣಿಗೆ ಬೀಳುವ ತನಕ ಸಮಾಧಾನವಿಲ್ಲ. ತಳ್ಳುಗಾಡಿಯಲ್ಲೋ, ಯಾರದೋ ಚೀಲದಲ್ಲೋ, ಮಗುವಿನ ಕೈಯಲ್ಲೋ, ಎಲ್ಲಾದರೂ ಸರಿ, ಅದು ಕಾಣಬೇಕು. ನಿನ್ನೆ ಕಾಣಲಿಲ್ಲ. ಪಕ್ಕದಲ್ಲಿ ಅಮ್ಮನ ವಯಸ್ಸಿನ ಹೆಂಗಸೊಬ್ಬರು ಬ್ಯಾಗು ತಬ್ಬಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಅವರನ್ನೇ ಕೇಳಬಹುದಿತ್ತು. ಆದರೆ ನಾನು ಎಂಥವಳೆಂದರೆ, ಬಸ್ಸಿನಲ್ಲಿ ‘ಸ್ವಲ್ಪ ಜಾಗ ಬಿಡಿ’ ಅನ್ನಲು ಸಂಕೋಚಪಟ್ಟು, ಮುಂದಿನ ಸ್ಟಾಪಿನಲ್ಲಿಳಿದು ನಡೆದುಕೊಂಡು ವಾಪಸ್ಸು ಬರುವವಳು.

ಈ ಚಾಳಿ ನನಗೆ ಅಂಟಿದ್ದು ಹೇರೋಹಳ್ಳಿಯ ದೊಡ್ಡಪ್ಪನ ಮನೆಯಲ್ಲಿ. ಅಜ್ಜಿ ಇದ್ದಾಗ ಅದು ಹೆಂಚಿನ ಮನೆ, ಹಿತ್ತಲಲ್ಲೊಂದು ಸೀಬೆಮರ. ಅಜ್ಜಿ ಅದರ ಹಣ್ಣಿಗೆ ಉಪ್ಪು ಖಾರ ಸವರಿಕೊಂಡು, ಹಲ್ಲಿಲ್ಲದ ಬಾಯಲ್ಲಿ ಅರ್ಧ ದಿನ ಚೀಪುತ್ತಿದ್ದರು. ಅವರು ತೀರಿಕೊಂಡ ಮೇಲೆ ದೊಡ್ಡಪ್ಪ ಮರ ಕಡಿಸಿ, ಮೂರಂತಸ್ತು ಕಟ್ಟಿಸಿ, ಮೇಲಿನ ಮನೆಗಳನ್ನು ಬಾಡಿಗೆಗೆ ಕೊಟ್ಟರು. ಮರವಿದ್ದ ಜಾಗಕ್ಕೆ ಸರಿಯಾಗಿ ಅತ್ತೆಯ ಕೋಣೆ ಬಂತು.

ಅತ್ತೆ ಅಪ್ಪನ ಒಬ್ಬಳೇ ತಂಗಿ. ಪಿಯುಸಿಯಲ್ಲಿದ್ದಾಗಲೇ ಅವರಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಅಂದಿನಿಂದ ದಿನವೂ ಇನ್ಸುಲಿನ್. ನೋಡಲು ಬಂದ ಗಂಡುಗಳು ಇಂಜೆಕ್ಷನ್ನಿನ ಮಾತು ಕೇಳಿದ ಮೇಲೆ ತಿರುಗಿ ಬರಲಿಲ್ಲ. ಅತ್ತೆ ಮನೆಯಲ್ಲೇ ರವಿಕೆ ಹೊಲಿದುಕೊಂಡಿದ್ದರು. “ಬೆಳಿಗ್ಗೆ ಎದ್ರೆ ನನ್ನ ಚುಚ್ಚೋ ಸೂಜಿ, ಆಮೇಲೆ ಬಟ್ಟೆ ಚುಚ್ಚೋ ಸೂಜಿ. ಸಾಕಾಗೋಗಿದೆ ಕಣೇ,” ಅಂತ ನಗುತ್ತಿದ್ದರು. ಆ ನಗುವಿನ ಹಿಂದೆ ನಿಜವಾಗಿಯೂ ಸಾಕಾಗಿತ್ತು ಅನ್ನುವುದು ನಮಗೆ ತಿಳಿದದ್ದು ಒಂದು ವರ್ಷದ ಪಿತೃಪಕ್ಷದಲ್ಲಿ. ನೆಂಟರ ವಾಟ್ಸಾಪ್ ಗುಂಪಿಗೆ ಯಾರೋ ಒಂದು ವಿಡಿಯೋ ಕಳಿಸಿದ್ದರು. ಬಿಳಿ ಕೋಟು ಹಾಕಿ, ಕೊರಳಿಗೆ ಸ್ಟೆತಸ್ಕೋಪ್ ನೇತುಹಾಕಿಕೊಂಡವನೊಬ್ಬ, ಇನ್ಸುಲಿನ್ ಬಿಸಾಕಿ, ನಾನು ಕೊಡುವ ಸೊಪ್ಪಿನ ಪುಡಿಯ ಕಷಾಯ ಕುಡಿಯಿರಿ ಅನ್ನುತ್ತಿದ್ದ. ಅವನ ಹೆಸರಿಲ್ಲ, ಊರಿಲ್ಲ, ಯಾವ ಆಸ್ಪತ್ರೆಯವನೆಂಬುದಿಲ್ಲ. ಕೆಳಗೆ ಪುಡಿ ತರಿಸಿಕೊಳ್ಳಲು ಫೋನ್ ನಂಬರು ಮಾತ್ರ ದೊಡ್ಡದಾಗಿತ್ತು. ಅತ್ತೆ ಯಾರಿಗೂ ಹೇಳದೆ ಪುಡಿ ತರಿಸಿ, ಇಂಜೆಕ್ಷನ್ ನಿಲ್ಲಿಸಿಬಿಟ್ಟಿದ್ದರು.

ಹಬ್ಬದ ದಿನ ನಾನೂ ಅಮ್ಮನೂ ಹೋದಾಗ ಅತ್ತೆ ಕೋಣೆಯಲ್ಲಿ ಮಲಗಿದ್ದರು. ಬೆಳಿಗ್ಗೆಯಿಂದ ವಾಂತಿ, ತೀರದ ಬಾಯಾರಿಕೆ. ಮಂಚದ ಕೆಳಗಿದ್ದ ಚೊಂಬು ಬರಿದಾಗುತ್ತಲೇ ಇತ್ತು. “ವಡೆ ಸುಟ್ಟು ಸುಟ್ಟು ಪಿತ್ತ ಆಗೈತೆ, ಮಲಗಲಿ ಬಿಡಿ,” ಅಂದರು ದೊಡ್ಡಪ್ಪ.

ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವ ಕ್ರಮ ನಿಮಗೂ ಗೊತ್ತಿರಬಹುದು. ಸತ್ತವರ ಫೋಟೋ ಮುಂದೆ ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಹೊಸ ಸೀರೆ ಇಟ್ಟು, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಅವರ ಊಟ ಮುಗಿಯುವವರೆಗೆ ಬಾಗಿಲು ತೆಗೆಯಬಾರದು, ಜೋರಾಗಿ ಮಾತಾಡಬಾರದು. ಅತ್ತೆಯನ್ನು ಎಬ್ಬಿಸುವುದು ಬೇಡವೆಂದು ಒಳಗೇ ಬಿಟ್ಟೆವು.

ಹೊರಗೆ ಮಟಮಟ ಮಧ್ಯಾಹ್ನ. ನಿಂತ ಮೇಲೆ ದೊಡ್ಡಪ್ಪ ಹಣೆ ಚಚ್ಚಿಕೊಂಡರು. “ಅಯ್ಯೋ, ಸೀಬೆಹಣ್ಣು ತರೋದೇ ಮರ್ತೆ!”

ಆಗಲೇ ಬಂತು ವಾಸನೆ. ಅತ್ತೆಯ ಕೋಣೆಯ ಕಿಟಕಿಯಿಂದ, ಮಾಗಿದ ಸೀಬೆಹಣ್ಣಿನದು. ದೊಡ್ಡಪ್ಪನ ಮೈಮೇಲಿನ ಕೂದಲು ನಿಂತದ್ದು ನನಗೆ ಕಾಣಿಸಿತು, ನನ್ನದೂ ನಿಂತಿತ್ತು. ಅಮ್ಮ ಮಾತ್ರ ಮೂಗು ಎಳೆದೆಳೆದು ನೋಡಿ, “ನಂಗೆ ಯಾವ ವಾಸನೆನೂ ಬರ್ತಿಲ್ವಲ್ಲ,” ಅಂದರು.

“ನೀನು ಸೊಸೆ. ನಮ್ಮ ರಕ್ತಕ್ಕೆ ಗೊತ್ತಾಗ್ತದೆ. ಸುಮ್ನಿರಮ್ಮ, ಅವ್ವ ಬಂದವ್ಳೆ,” ಅಂದರು ದೊಡ್ಡಪ್ಪ.

ಕಿಟಕಿಯ ಪರದೆಯ ಹಿಂದೆ ಯಾರೋ ಉಸಿರಾಡುತ್ತಿದ್ದರು. ಉದ್ದಕ್ಕೆ, ಆಳಕ್ಕೆ, ಬಾವಿಯಿಂದ ನೀರು ಸೇದುವವರ ಹಾಗೆ, ಎಲ್ಲೂ ನಿಲ್ಲದೆ. ಅತ್ತೆ ಹಾಗೆ ಉಸಿರಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ದೊಡ್ಡಪ್ಪ ಕೈಮುಗಿದು ಕಣ್ಣು ಮುಚ್ಚಿದರು. ಆ ಉಸಿರಿನ ನಡುವೆ ಒಂದು ಮಾತು ಬಂತು. ಅತ್ತೆಯದೇ ದನಿ, ಆದರೆ ತುಂಬಾ ದೂರದಿಂದ:

“ಮರ ಕಡಿದೋರು ಯಾರು ಅಂತ ಕೇಳ್ತಾವ್ಳೆ.”

ನಾನು ಓಡಲಿಲ್ಲ, ಕಿರುಚಲಿಲ್ಲ. ಹೆದರಿದಾಗ ನಾನು ಮಾಡುವುದು ಒಂದೇ ಕೆಲಸ, ಹುಡುಕುವುದು. ಫೋನ್ ತೆಗೆದು ಟೈಪ್ ಮಾಡಿದೆ: ಸಕ್ಕರೆ ಕಾಯಿಲೆ, ಹಣ್ಣಿನ ವಾಸನೆ, ಜೋರು ಉಸಿರು. ಮೊದಲು ಬಂದದ್ದೆಲ್ಲ ವಿಡಿಯೋಗಳು. ಅದರಲ್ಲಿ ಬಿಳಿ ಕೋಟಿನವನೂ ಒಬ್ಬ. ಬಹಳ ಕೆಳಗೆ ಒಂದು ಮೆಡಿಕಲ್ ಕಾಲೇಜಿನ ಪುಟವಿತ್ತು. ಚಿತ್ರವಿಲ್ಲದ, ಸಪ್ಪೆ ಪುಟ. ಬರೆದ ವೈದ್ಯರ ಹೆಸರಿತ್ತು, ಯಾವಾಗ ತಿದ್ದಿದ್ದೆಂದಿತ್ತು, ಕೊಳ್ಳಿ ಅನ್ನುವಂಥದ್ದು ಏನೂ ಇರಲಿಲ್ಲ. ಇನ್ಸುಲಿನ್ ಸಾಲದೆ ಹೋದರೆ ದೇಹ ಕೊಬ್ಬನ್ನು ಕರಗಿಸಿಕೊಳ್ಳತೊಡಗುತ್ತದೆ, ರಕ್ತ ಹುಳಿಯಾಗುತ್ತದೆ, ಉಸಿರಿಗೆ ಹಣ್ಣಿನ ವಾಸನೆ ಬರುತ್ತದೆ, ವಾಂತಿ, ಬಾಯಾರಿಕೆ, ಆಳವಾದ ಉಸಿರು, ಅಸಂಬದ್ಧ ಮಾತು. ಕೊನೆಯ ಸಾಲು: ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆತನ್ನಿ.

ಬಾಗಿಲ ಚಿಲಕಕ್ಕೆ ಕೈ ಹಾಕಿದೆ. ದೊಡ್ಡಪ್ಪ ಮಣಿಕಟ್ಟು ಹಿಡಿದರು. “ಉಣ್ತಾ ಇರೋರ್ನ ಅರ್ಧಕ್ಕೆ ಎಬ್ಬಿಸ್ತೀಯೇನೇ? ಮನೆಗೆ ಒಳ್ಳೇದಾಗ್ತದಾ?”

“ದೊಡ್ಡಪ್ಪ, ಅದು ಅಜ್ಜಿ ಉಸಿರಲ್ಲ. ಅತ್ತೇದು.”

ಅವರ ಹಿಡಿತ ಸಡಿಲವಾಗಲಿಲ್ಲ. ಅಮ್ಮ ನಮ್ಮಿಬ್ಬರ ನಡುವೆ ತೂರಿಕೊಂಡು ಬಾಗಿಲು ತಳ್ಳಿಬಿಟ್ಟರು. ಯಾವ ವಾಸನೆಯೂ ಬಾರದ ಸೊಸೆಗೆ ಯಾವ ಭಯವೂ ಇರಲಿಲ್ಲ.

ಎಡೆಯ ಮುಂದೆ ಹಾದು ಅತ್ತೆಯನ್ನು ಎತ್ತಿಕೊಂಡು ಬಂದೆವು. ಕಾರು ಓಡಿಸಿದವರು ದೊಡ್ಡಪ್ಪನೇ. ಮಾಗಡಿ ರಸ್ತೆ ಉದ್ದಕ್ಕೂ ಹಾರ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ತುರ್ತು ವಿಭಾಗದ ಡಾಕ್ಟರು ಅತ್ತೆಯ ಮುಖದ ಹತ್ತಿರ ಬಗ್ಗಿದರು, ನೆಟ್ಟಗಾದರು, ನಾವು ಏನನ್ನೂ ಹೇಳುವ ಮೊದಲೇ ಕೇಳಿದರು: “ಇನ್ಸುಲಿನ್ ಯಾವಾಗ ನಿಲ್ಲಿಸಿದ್ರು?”

ಅತ್ತೆ ಬದುಕಿದರು. ಈಗಲೂ ರವಿಕೆ ಹೊಲಿಯುತ್ತಾರೆ, ಇಂಜೆಕ್ಷನ್ ತಪ್ಪಿಸುವುದಿಲ್ಲ. ನಾನು ಹೋದಾಗಲೆಲ್ಲ ಮುಖದ ಹತ್ತಿರ ಬಂದು “ಹಾ...” ಅಂತ ಉಸಿರು ಬಿಟ್ಟು, “ನೋಡೇ, ಅವ್ವ ಬಂದವ್ಳಾ?” ಅಂತ ಕೇಳುತ್ತಾರೆ. ಇಬ್ಬರೂ ನಗುತ್ತೇವೆ. ನಾನು ಮಾತ್ರ ನಗುವ ಮೊದಲು ಒಮ್ಮೆ ಮೂಸಿರುತ್ತೇನೆ. ಕೆಲವರ ಮೂಗಿಗೆ ಆ ವಾಸನೆ ಹತ್ತುವುದೇ ಇಲ್ಲವೆಂದು ಡಾಕ್ಟರು ಹೇಳಿದ ಮೇಲೆ ಅಮ್ಮನ ವಿಷಯ ಅರ್ಥವಾಯಿತು. ಆ ಕೋಣೆಯ ನೆಲದ ಕೆಳಗೆ ಮರದ ಬೇರು ಇನ್ನೂ ಇದೆಯೇ ಎಂದು ದೊಡ್ಡಪ್ಪನನ್ನು ನಾನು ಕೇಳಿಲ್ಲ. ಕೇಳುವ ಮನಸ್ಸೂ ಇಲ್ಲ.

ನಿನ್ನೆ ನಾಯಂಡಹಳ್ಳಿ ಬರುವಷ್ಟರಲ್ಲಿ ಪಕ್ಕದ ಹೆಂಗಸು ಕಣ್ಣು ತೆರೆದು ನೀರಿನ ಬಾಟಲಿ ತೆಗೆದರು. ತಳದವರೆಗೂ ಕುಡಿದು, ಖಾಲಿ ಬಾಟಲಿಯನ್ನು ಮತ್ತೆ ಬಾಯಿಗೆ ಬಗ್ಗಿಸಿ ನೋಡಿದರು.

“ಆಂಟಿ,” ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ನಿಮ್ಮ ಬ್ಯಾಗಲ್ಲಿ ಸೀಬೆಹಣ್ಣು ಇದೆಯಾ?”

“ಇಲ್ವಲ್ಲಮ್ಮ. ಯಾಕೆ?”

ಮುಂದೆ ಕೇಳಿದ ಪ್ರಶ್ನೆಯನ್ನು ನಾನು ನನ್ನ ಸ್ನೇಹಿತೆಯರನ್ನೂ ಕೇಳಿದವಳಲ್ಲ.

“ನಿಮಗೆ ಶುಗರ್ ಇದೆಯಾ?”

ಅವರು ಬಾಟಲಿಯ ಮುಚ್ಚಳ ತಿರುಗಿಸಿ ನನ್ನ ಕಡೆ ಬಾಗಿದರು. ತಗ್ಗಿದ ದನಿಯಲ್ಲಿ, “ಇಂಜೆಕ್ಷನ್ ಬಿಟ್ಟಿದೀನಿ. ನಿಂಗೆ ಯಾರಮ್ಮ ಹೇಳಿದ್ದು?” ಅಂದರು.

ಫೋನಿನಲ್ಲಿ ಉಳಿಸಿಕೊಂಡಿದ್ದ ಆ ಸಪ್ಪೆ ಪುಟವನ್ನು ತೆರೆದು ಅವರ ಕೈಗೆ ಕೊಟ್ಟೆ. ನಾನು ಇಳಿಯಬೇಕಿದ್ದ ನಿಲ್ದಾಣ ಬಂತು, ಬಾಗಿಲು ತೆರೆಯಿತು, ಮುಚ್ಚಿತು. ಈ ಸಲ ನಾನು ಸಂಕೋಚಕ್ಕೆ ಕೂತಿರಲಿಲ್ಲ.