ಕಾರಿನಡಿಯಿಂದ ಮೂರು ಪೆಟ್ಟು

ಕಾರು ರಿಪೇರಿಯ ಮೇಸ್ತ್ರಿಗೆ ಫೋನಿನಲ್ಲಿ ಹನ್ನೊಂದು ಸಾವಿರ ಗೆಳೆಯರು. ಫೋನಿನ ಹೊರಗೆ ಒಬ್ಬನೇ ಒಬ್ಬ, ಎದುರಂಗಡಿಯಲ್ಲಿ ಕಾರಿನ ಸೀಟು ಹೊಲಿಯುವ ಸೀಟಣ್ಣ. ಅವನೂ ಎಂಟು ತಿಂಗಳಿಂದ ಮಾತು ಬಿಟ್ಟಿದ್ದ. ತಪ್ಪು ಮೇಸ್ತ್ರಿಯದೇ, ಅದರಲ್ಲಿ ಎರಡು ಮಾತಿಲ್ಲ.

ಇಪ್ಪತ್ತು ವರ್ಷ ಇಬ್ಬರ ನಡುವೆ ಒಂದು ಕಟ್ಟುಪಾಡಿತ್ತು. ಮೇಸ್ತ್ರಿ ಕಾರನ್ನು ಜಾಕಿನಿಂದ ಎತ್ತಿ, ಕೆಳಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟು ಕೂಗಿದರೆ, ಸೀಟಣ್ಣ ಹೊಲಿಗೆ ಬಿಟ್ಟು ಬಂದು ಎರಡೂ ಕೈಯಿಂದ ಕಾರನ್ನು ಅಲ್ಲಾಡಿಸಿ ನೋಡುತ್ತಿದ್ದ. ಅಲುಗದಿದ್ದರೆ, "ಹೋಗು. ನಿನ್ನ ಹೆಂಡ್ತಿಗೆ ನಾನು ಜವಾಬು ಹೇಳ್ಬೇಕಾಗಿಲ್ಲ" ಎನ್ನುತ್ತಿದ್ದ. ಆಮೇಲಷ್ಟೇ ಮೇಸ್ತ್ರಿ ಅಡಿಗೆ ನುಸುಳುತ್ತಿದ್ದ. ಒಳಗಿಂದ ಏನಾದರೂ ಬೇಕಾದರೆ ಸ್ಪ್ಯಾನರಿನಿಂದ ಮೂರು ಪೆಟ್ಟು; ಸೀಟಣ್ಣ ಹಾಜರು.

ವಿಡಿಯೊ ಹುಚ್ಚು ಹತ್ತಿದ ಮೇಲೆ ಮೇಸ್ತ್ರಿ ಆ ಅಲ್ಲಾಡಿಸುವುದನ್ನೂ ಚಿತ್ರ ಹಿಡಿದು, "ನಮ್ಮೆದುರಿನ ಇಂಜಿನಿಯರ್ ಸಾಹೇಬ್ರನ್ನ ನೋಡಿ" ಎಂದು ಗೇಲಿ ಮಾಡಿ ಹಾಕಿದ. ನಾಲ್ಕು ಸಾವಿರ ಜನ ನಕ್ಕರು. ಸೀಟಣ್ಣನಿಗೆ ಅದನ್ನು ಅವನ ಮಗಳೇ ತೋರಿಸಿದಳು. ಅಂದಿನಿಂದ ಅವನು ಈ ಕಡೆ ತಲೆ ಹಾಕಲಿಲ್ಲ. ಮೇಸ್ತ್ರಿ ಕಾರಿನಡಿಗೆ ಹೋದರೆ ಸಾಕು, ಎದುರಿನ ಹೊಲಿಗೆ ಮಿಷನ್ನು ನಿಂತುಬಿಡುತ್ತಿತ್ತು. ನನ್ನ ದನಿ ಕೇಳಿದರೆ ಕೆಲಸವೂ ಬೇಡವಾಗುವಷ್ಟು ಉರಿ ಇವನಿಗೆ, ಎಂದುಕೊಂಡು ಮೇಸ್ತ್ರಿಯೂ ಬಿಗುಮಾನ ಬಿಡಲಿಲ್ಲ.

ಆವತ್ತು ಮಧ್ಯಾಹ್ನ ಫೋನಿನಲ್ಲಿ ಲೈವ್ ವಿಡಿಯೊ ಇತ್ತು. ಸ್ಟ್ಯಾಂಡು ಮುಖಕ್ಕೆ ಅಡ್ಡ ಬರುತ್ತದೆಂದು ಅದನ್ನು ತೆಗೆದಿಟ್ಟು, ಬರೀ ಜಾಕನ್ನು ನಂಬಿ ಒಳಗೆ ಹೋದ. ನಿನ್ನೆ ಮೊನ್ನೆ ಕೆಲಸ ಕಲಿತವನೂ ಮಾಡದ ತಪ್ಪು. ತುಕ್ಕು ಹಿಡಿದ ಬೋಲ್ಟನ್ನು ಜಗ್ಗಿದ್ದೇ ತಡ, ಜಾಕು ಓರೆಯಾಗಿ ಕಾರು ಅವನ ಎದೆಯ ಮೇಲಿಳಿಯಿತು.

ಪೂರ್ತಿ ಇಳಿಯಲಿಲ್ಲ. ಓರೆ ಜಾಕು ಕಿರ್ರೆನ್ನುತ್ತ ಹಿಡಿದುಕೊಂಡಿತ್ತು. ಚೂರುಪಾರು ಉಸಿರಾಡಬಹುದಿತ್ತು, ಕೂಗಲು ಅದು ಸಾಲದು. "ಸಿಕ್ಕೊಂಡಿದೀನಿ, ಯಾರಾದ್ರೂ ಬನ್ನಿ" ಎಂದು ಪಿಸುಗುಟ್ಟಿದ. ಮೊಳ ದೂರದಲ್ಲಿ ಡಬ್ಬಿಗೆ ಒರಗಿಸಿದ್ದ ಫೋನಿನಲ್ಲಿ ನಗುವ ಮುಖಗಳು ಸಾಲುಗಟ್ಟಿದವು. "ಮತ್ತೆ ನಾಟಕ ಶುರು" ಎಂದು ಒಬ್ಬ ಬರೆದ. ಹೋದ ತಿಂಗಳು ಹೀಗೇ ಸಿಕ್ಕಿಕೊಂಡಂತೆ ನಟಿಸಿ ಅವರನ್ನೆಲ್ಲ ನಗಿಸಿದವನು ಮೇಸ್ತ್ರಿಯೇ. ಒಬ್ಬಳು ಮಾತ್ರ, "ನಿಜ ಇರಬಹುದು, ಇವರ ಗ್ಯಾರೇಜ್ ಎಲ್ಲಿದೆ ಯಾರಿಗಾದರೂ ಗೊತ್ತಾ?" ಎಂದು ಕೇಳಿದಳು. ಹನ್ನೊಂದು ಸಾವಿರದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಜಾಕು ಇನ್ನೊಂದು ಕೂದಲೆಳೆ ಜಾರಿತು. ಬಲಗೈ ನೆಲ ತಡಕಿ ಸ್ಪ್ಯಾನರನ್ನು ಹಿಡಿಯಿತು, ಹಿಡಿದು ಅರೆಗಳಿಗೆ ಸುಮ್ಮನಾಯಿತು. ಯಾವ ಮುಖ ಇಟ್ಟುಕೊಂಡು ಅವನನ್ನು ಕರೆಯುವುದು? ಕರೆದರೂ ಅವನು ಯಾಕೆ ಬರಬೇಕು?

ಬಡಿದ. ಒಂದು. ಎರಡು. ಮೂರನೆಯದಕ್ಕೆ ಸ್ಪ್ಯಾನರ್ ಕೈಜಾರಿ ಬಿತ್ತು.

ಎದುರಂಗಡಿಯಲ್ಲಿ ಸ್ಟೂಲು ಉರುಳಿದ ಸದ್ದಾಯಿತು. ಓಡಿಬಂದ ಕಾಲುಗಳು ಕಾಣಿಸಿದವು, ಅದರಲ್ಲೊಂದು ತಗುಲಿ ಫೋನು ಮಗುಚಿಕೊಂಡಿತು. "ಮಾತಾಡ್ಬೇಡ, ಅಲ್ಲಾಡ್ಬೇಡ" ಎಂದ ಸೀಟಣ್ಣ. ಮೊದಲು ಸ್ಟ್ಯಾಂಡನ್ನು ಒಳಗೆ ತಳ್ಳಿದ, ಇನ್ನೊಂದು ಜಾಕು ಕೊಟ್ಟು ಇಂಚಿಂಚಾಗಿ ಎತ್ತಿದ. ಆಮೇಲೆ ಮೇಸ್ತ್ರಿಯ ಕಂಕುಳಿಗೆ ಕೈ ಹಾಕಿ ಹೊರಗೆಳೆದ.

ಆಂಬುಲೆನ್ಸಿಗೆ ಹೇಳಿ, ಇಬ್ಬರೂ ಎಣ್ಣೆಗಪ್ಪು ನೆಲದ ಮೇಲೆ ಏದುಸಿರು ಬಿಡುತ್ತಿದ್ದರು.

"ಎರಡೇ ಪೆಟ್ಟಿಗೆ ಬಂದ್ಯಲ್ಲೋ" ಎಂದ ಮೇಸ್ತ್ರಿ.

"ಮೂರನೇದು ಬರ್ಲಿಲ್ಲ ಅಂತಲೇ ಓಡ್ಬಂದೆ."

"ನಿಂಗೆ ನನ್ನ ಕಂಡ್ರೆ ಆಗಲ್ಲ, ಅದ್ಕೇ ಮಿಷನ್ ನಿಲ್ಲಿಸ್ತೀಯ ಅಂದ್ಕೊಂಡಿದ್ದೆ."

"ಕೋಪ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಮಿಷನ್ ಗಲಾಟೇಲಿ ನಿನ್ನ ಪೆಟ್ಟು ಕೇಳಿಸ್ಬೇಕಲ್ಲ. ನೀನು ಅಡಿಗೆ ಹೋದಾಗೆಲ್ಲ ಕೈಹೊಲಿಗೆ ಹಾಕ್ತಿದ್ದೆ, ಅಷ್ಟೇ."

ಮೇಸ್ತ್ರಿ ಅವನ ಕೈ ಹಿಡಿದು ನೋಡಿದ. ಎಂಟು ತಿಂಗಳ ದಪ್ಪ ಸೂಜಿ ಬೆರಳ ತುದಿಗಳನ್ನೆಲ್ಲ ಜಡ್ಡುಗಟ್ಟಿಸಿತ್ತು. ಮೇಸ್ತ್ರಿಗೆ ಅಳು ಬಂತು. ಪಕ್ಕೆಲುಬಿನ ನೋವಿಗೆ ಅಳುವುದಕ್ಕೂ ಆಗಲಿಲ್ಲ.