ಬಸ್ಸಿನ ಪಟ್ಟಿಯಲ್ಲಿಲ್ಲದ ಹೆಂಗಸರು

ಬೊಲ್ಗ್ಯೊ ಎಂಬ ಕರಾವಳಿ ಊರಿನಿಂದ ಮದುವೆಯಾಗಿ ಈ ಬೆಟ್ಟದ ಹಳ್ಳಿಗೆ ಬಂದ ದಿನದಿಂದ ಎಲ್ಲರಿಗೂ ಅವಳು ಬೊಲ್ಗ್ಯೊದವಳು. ನೆರೆಯವರು ಹಾಗೇ ಕರೆದರು, ಅತ್ತೆ ಹಾಗೇ ಬೈದಳು. ಈಗ ವಯಸ್ಸು ಎಪ್ಪತ್ತೊಂಬತ್ತು. ಸೊಂಟ ಬಾಗಿದೆ, ನಾಲಿಗೆ ಮಾತ್ರ ಇನ್ನೂ ಯಾರಿಗೂ ಬಾಗಿಲ್ಲ.

ಪೇಟೆಯಲ್ಲಿ ಐದು ದಿನಕ್ಕೊಮ್ಮೆ ಸಂತೆ. ಮೀನಿನವರ ಸಾಲಿನ ಕೊನೆಯ ಕಂಬದ ಪಕ್ಕ, ಎರಡು ಚಾಪೆಯಗಲದ ಜಾಗ ಅವಳದು. ಮೂವತ್ತೊಂದು ವರ್ಷ ಅಲ್ಲಿ ಕೂತು, ಬೆಟ್ಟದಿಂದ ತಂದು ಒಣಗಿಸಿದ ಗೊಸಾರಿ ಸೊಪ್ಪನ್ನೂ ಹಳೇ ಸಾರಾಯಿ ಬಾಟಲಿಗೆ ತುಂಬಿದ ಎಳ್ಳೆಣ್ಣೆಯನ್ನೂ ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದಾಳೆ. ಜಾಗಕ್ಕೆ ಕಾಗದಪತ್ರವಿಲ್ಲ, ಇರುವುದು ಸಂತೆಯವರ ಕಟ್ಟಳೆಯೊಂದೇ: ಸತತ ಮೂರು ಸಂತೆ ತಪ್ಪಿಸಿದರೆ ಆ ಜಾಗದಲ್ಲಿ ಯಾರು ಬೇಕಾದರೂ ಚಾಪೆ ಹಾಸಬಹುದು. ಕೊರೊನಾ ಕಾಲದಲ್ಲಿ ಸಂತೆಯೇ ಮುಚ್ಚಿತ್ತು, ಯಾರ ಜಾಗವೂ ಹೋಗಲಿಲ್ಲ. ಅವಳ ಜಾಗಕ್ಕೆ ಕುತ್ತು ಬಂದದ್ದು, ಎಲ್ಲ ಸರಿಹೋಯಿತು ಎಂದು ಎಲ್ಲರೂ ಹೇಳತೊಡಗಿದ ಮೇಲೆ.

ಕೊರೊನಾ ಕಾಲದಲ್ಲಿ ನಿಂತ ಬೆಳಗಿನ ಬಸ್ಸು ಮತ್ತೆ ಬರಲಿಲ್ಲ. ಬದಲಿಗೆ ಬಂದದ್ದು ಒಂದು ಪುಟ್ಟ ಬಸ್ಸು. ಫೋನಿನ ಆ್ಯಪ್‌ನಲ್ಲಿ ಕರೆದರಷ್ಟೇ ಅದು ಬರುತ್ತದೆ, ಒಂದು ಫೋನಿಗೆ ಒಂದೇ ಸೀಟು. ಸಂತೆಗೆ ಹೋಗುವ ಐವರು ಹೆಂಗಸರನ್ನು ಆ್ಯಪ್‌ಗೆ ಸೇರಿಸುವ ಕೆಲಸ ಊರಿನ ಮುಖ್ಯಸ್ಥ ನಾಮ್‌ನದು. ಅರವತ್ತರ ಆ ಮಹಾನುಭಾವ ಕಾಫಿ ಕುಡಿಯುತ್ತಾ ಅರ್ಧ ಗಂಟೆಯಲ್ಲಿ ಕೈ ತೊಳೆದುಕೊಂಡ. ಹೆಸರಿನ ಜಾಗದಲ್ಲಿ ತುಂಬಿದ್ದೇನು? ಬೊಲ್ಗ್ಯೊದವಳು, ಗೊಕ್‌ಸಂಗದವಳು, ಹದೊಂಗದವಳು! ಊರಿಗೆ ಬಂದ ಸೊಸೆಯರನ್ನೆಲ್ಲ ತವರೂರಿನ ಹೆಸರಿನಿಂದಲೇ ಕರೆಯುವುದನ್ನು ಹುಟ್ಟಿದಂದಿನಿಂದ ಕೇಳಿದವನು. ಇವರಿಗೆ ಬೇರೆ ಹೆಸರಿರುತ್ತದೆಂದು ಅವನಿಗೆ ಹೊಳೆಯಲೇ ಇಲ್ಲ. ಗುರುತಿನ ದಾಖಲೆಗೆ ತಾಳೆಯಾಗದೆ ಐದು ಅರ್ಜಿಗಳೂ ವಾಪಸಾದವು. ತಿದ್ದುಪಡಿಗೆ ಒಂದು ತಿಂಗಳು ಬೇಕು ಎಂದಿತು ಕಚೇರಿ. ಟ್ಯಾಕ್ಸಿ ಮಾಡಿದರೆ ದಿನದ ವ್ಯಾಪಾರವೆಲ್ಲ ಅದಕ್ಕೇ ಸರಿ. ಹೀಗೆ ಎರಡು ಸಂತೆ ತಪ್ಪಿದವು.

ಮೂರನೇ ಸಂತೆಯ ಬೆಳಿಗ್ಗೆ ನಾಮ್ ಹಲ್ಲಿನ ಡಾಕ್ಟರ ಬಳಿ ಹೋಗಲು ಬಸ್ಸು ಕರೆದಿದ್ದಾನೆಂಬ ಸುದ್ದಿ ತಿಳಿಯಿತು. ಐವರೂ ಗಂಟು ಕಟ್ಟಿಕೊಂಡು ಅವನಿಗಿಂತ ಮೊದಲೇ ನಿಲ್ದಾಣಕ್ಕೆ ಬಂದು ನಿಂತರು.

"ಹಲ್ಲು ನೋವೇನಪ್ಪಾ ನಾಮ್? ನಮ್ಮನ್ನ ಅಗಿದೂ ಅಗಿದೂ ಸವೆದಿರ್ಬೇಕು, ಪಾಪ," ಎಂದಳು ಗೊಕ್‌ಸಂಗದವಳು.

"ತಪ್ಪಾಯ್ತು ಅಂತ ಇನ್ನೆಷ್ಟು ಸಲ ಹೇಳ್ಲಿ ಚಿಕ್ಕಮ್ಮಾ?"

ಬಸ್ಸು ಬಂತು. ನಾಮ್ ಹತ್ತಿದ. ಅವನ ಬೆನ್ನಿಗೇ ಬೊಲ್ಗ್ಯೊದವಳು ಗಂಟನ್ನು ಮೆಟ್ಟಿಲ ಮೇಲಿಟ್ಟಳು.

"ಅಜ್ಜೀ, ಪಟ್ಟಿಲಿ ಇರೋದು ಒಬ್ರೇ," ಎಂದ ಡ್ರೈವರ್. "ನಿಮ್ಮನ್ನ ಹತ್ತಿಸ್ಕೊಂಡ್ರೆ ನನ್ನ ಕೆಲ್ಸಕ್ಕೇ ಸಂಚಕಾರ."

"ಸೀಟು ಎಷ್ಟಿವೆ?"

"ಹನ್ನೆರಡು."

"ಕೂತಿರೋರು?"

"ಒಬ್ರು."

"ಲೆಕ್ಕ ಬರುತ್ತಲ್ಲ ನಿಂಗೆ! ಹತ್ರೇ ಎಲ್ಲಾ!"

ಐವರೂ ಹತ್ತಿ, ಗಂಟುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇಬಿಟ್ಟರು. ಡ್ರೈವರ್ ಬೇರೆ ದಾರಿ ಕಾಣದೆ ಬಸ್ಸಿನ ಕಚೇರಿಗೆ ಫೋನ್ ಮಾಡಿದ. ಆ ಕಡೆ ಒಬ್ಬ ಹುಡುಗಿ. ನೋಂದಣಿ ಇಲ್ಲದವರಿಗೆ ವಿಮೆ ಇಲ್ಲ, ಕೆಳಗಿಳಿಸಿ ಎಂದಳು. ಬೊಲ್ಗ್ಯೊದವಳು ಎದ್ದು ಹೋಗಿ ಅವನ ಕೈಯಿಂದ ಫೋನು ಕಿತ್ತುಕೊಂಡಳು.

"ನೋಡಮ್ಮಾ, ನನ್ನ ಇಳಿಸ್ಬೇಕು ಅಂದ್ರೆ ಎತ್ತೇ ಇಳಿಸ್ಬೇಕು. ಗಂಟೂ ಸೇರಿ ಅರವತ್ತು ಕೆಜಿ ಇದೀನಿ. ನೋಂದಣಿ ತಾನೇ? ಬರ್ಕೋ. ತಾಕ್ ಬೊಕ್‌ನಿಮ್."

ಐವತ್ತು ವರ್ಷ ಅವಳ ಪಕ್ಕದಲ್ಲಿ ಕೂತು ಚಳಿಗಾಲಕ್ಕೆ ಎಲೆಕೋಸಿನ ಕಿಮ್ಚಿ ಉಪ್ಪಿನಕಾಯಿ ಹಾಕಿದ್ದ ಗೊಕ್‌ಸಂಗದವಳು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು.

"ಬೊಕ್‌ನಿಮ್ ಅಂತಾನಾ ಅಕ್ಕಾ ನಿನ್ನ ಹೆಸ್ರು?"

"ಮತ್ತೆ? ನಮ್ಮಪ್ಪ ಹೆಸ್ರಿಡದೇ ಕಳಿಸಿದ್ನಾ? ನಿಂದು ಹೇಳೇ, ಹುಡುಗಿ ಕಾಯ್ತಿದಾಳೆ."

ಗೊಕ್‌ಸಂಗದವಳು ಗಂಟಿನ ಮೇಲೆ ಮುಖ ಬಗ್ಗಿಸಿದಳು. ಅವಳಿಗೆ ನಾಚಿಕೆಯಾಗಿತ್ತು, ನಾಚಿಕೆಯಾಯಿತಲ್ಲ ಎಂದು ಸಿಟ್ಟೂ ಬಂದಿತ್ತು. ಕೊನೆಗೆ "ಯಾಂಗ್ ಪಿಲ್‌ಸುನ್" ಎಂದು ಪಿಸುಗುಟ್ಟಿದಳು. ಉಳಿದ ಮೂವರೂ ಒಬ್ಬರ ಹಿಂದೊಬ್ಬರು ಹೇಳಿದರು. ನಾಮ್ ಕೆನ್ನೆ ಹಿಡಿದುಕೊಂಡು ನೆಲ ನೋಡುತ್ತಾ ಕೂತಿದ್ದ.

"ಆಯ್ತು ಅಜ್ಜೀ, ಇವತ್ತೊಂದಿನ ಮಾತ್ರ," ಎಂದಳು ಹುಡುಗಿ.

"ಒಂದಿನದ ಭಿಕ್ಷೆ ಯಾರಿಗೆ ಬೇಕು? ಐದು ದಿನಕ್ಕೆ ಮತ್ತೆ ಸಂತೆ. ಆರೂವರೆಗೆ ಇದೇ ಜಾಗದಲ್ಲಿ ಇದೇ ಐದು ಜನ ನಿಂತಿರ್ತೀವಿ. ಅದನ್ನೂ ಬರ್ಕೋ."

"ಆ್ಯಪ್‌ನಲ್ಲಿ ಕರೆದ್ರೆ ಮಾತ್ರ ಬಸ್ಸು ಬರೋದು ಅಜ್ಜೀ..."

"ಈಗ ಬಾಯಲ್ಲೇ ಕರೀತಿದೀನಲ್ಲ! ನೀನು ಮನುಷ್ಯಳು ತಾನೇ?"

ಆ ಕಡೆಯಿಂದ ಟಕಟಕ ಟೈಪು ಮಾಡುವುದು ಕೇಳಿಸಿತು. ಅದು ನಿಂತು, "ಎರಡನೆಯವರ ಹೆಸರು ಇನ್ನೊಂದ್ಸಲ ಹೇಳ್ತೀರಾ?" ಎಂದಳು ಹುಡುಗಿ.

ಗೊಕ್‌ಸಂಗದವಳು ಎದ್ದು ಬಂದು ಫೋನನ್ನು ಬಾಯಿಗೆ ಹಿಡಿದು, ಇಡೀ ಹಳ್ಳಿಗೆ ಕೇಳುವಂತೆ ತನ್ನ ಹೆಸರನ್ನು ಕೂಗಿದಳು.