ಸುಬೇದಾರನ ತುತ್ತು

“ಮಾಸ್ತರ, ಇದರಾಗ ಸುಳ್ಳು ಎಲ್ಲಿಂದ ಸುರು ಆಗತೈತಿ, ಬಟ್ಟ ಇಟ್ಟು ತೋರಸ್ರಿ.”

ಹೋದ ಭಾನುವಾರ ಮಧ್ಯಾಹ್ನ ಉಮದಿಯ ನನ್ನ ಬಾಡಿಗೆ ಖೋಲಿಯ ಬಾಗಿಲಲ್ಲಿ ನಿಂತು ಹೀಗೆ ಕೇಳಿದ ಹೆಂಗಸಿನ ಕೈಯಲ್ಲಿ ಇದೇ ಪತ್ರಿಕೆಯ ಹಳೆಯ ಸಂಚಿಕೆಯಿತ್ತು. ಅಚ್ಚಿನ ದೋಷವೇನಾದರೂ ಸಿಕ್ಕಿತೇ ಎಂಬುದು ನನ್ನ ಮೊದಲ ಆತಂಕ. (ನಮ್ಮ ಮನೆತನದಲ್ಲಿ ಬಿ.ಎ. ಹಾಗಿರಲಿ, ಸಹಿ ಮಾಡಲು ಕಲಿತವನೂ ನಾನೇ ಮೊದಲಿಗ. ತಪ್ಪು ಬರೆದೇನೆಂಬ ಭಯ ಇನ್ನೂ ಬಿಟ್ಟಿಲ್ಲ.)

ಆಕೆ ಬೆರಳಿಟ್ಟದ್ದು ನನ್ನ ಕಥೆಯ ಮೇಲೆ. ನಿಮ್ಮಲ್ಲಿ ಕೆಲವರು ಅದನ್ನು ಮೆಚ್ಚಿ ಕಾಗದ ಬರೆದಿದ್ದಿರಿ. ಮಲಾಯಾದ ಕಾಡಿನಲ್ಲಿ ಜಪಾನಿಯರ ಸೆರೆ ಕ್ಯಾಂಪು. ದಿನಕ್ಕೊಂದು ಹಿಡಿ ಅನ್ನ. ಅದರಲ್ಲೂ ಊರಿನಲ್ಲಿ ಬಿಟ್ಟುಬಂದ ಎತ್ತಿನ ಪಾಲೆಂದು ಮೊದಲ ತುತ್ತನ್ನು ಎಲೆಯ ಮೇಲೆ ತೆಗೆದಿಡುವ ಒಬ್ಬ ಸಿಪಾಯಿ. ಆ ತುತ್ತು ತಿಂದು ಪಕ್ಕದ ರೋಗಿ ಬದುಕುತ್ತಾನೆ. ತುತ್ತಿಟ್ಟವನು ಜ್ವರದಲ್ಲಿ ಸಾಯುತ್ತಾನೆ.

ಇದನ್ನು ನನಗೆ ಹೇಳಿದವನು ಉಮದಿಯ ದರ್ಜಿ ರಾಜೇಸಾಬ. ಅದೇ ಕ್ಯಾಂಪಿನಿಂದ ಜೀವ ಹಿಡಿದುಕೊಂಡು ಬಂದವನು. ಅವನ ಕರಾರು ಒಂದೇ ಆಗಿತ್ತು: “ಹೆಸರು, ಊರು ಬದಲಾ ಮಾಡ್ರಿ ಮಾಸ್ತರ. ಅವರ ಮನಿ ಮಂದಿಗೆ ಗೊತ್ತಾಗಬಾರದು.”

ಮಾಡಿದೆ. ಎಷ್ಟು ಜಾಗರೂಕತೆಯಿಂದ! ಕುಣಿಕೋಣೂರಿನ ರೈತನನ್ನು ಕೊಲ್ಹಾಪುರದವನನ್ನಾಗಿಸಿದೆ. ಶಂಕರನೆಂದು ಹೆಸರಿಟ್ಟೆ. ಮೂರು ಸಲ ತಿದ್ದಿ ಬರೆದೆ. ಮತ್ತೇನು ಉಳಿದಿತ್ತು?

“ನನಗ ಓದಾಕ ಬರಂಗಿಲ್ಲ” ಎಂದಳು ಆಕೆ. “ಗಿರಣಿಯವ ಓದಿ ಹೇಳಿದ. ಎತ್ತಿನ ಹೆಸರು ಬಂತು. ಹಿಟ್ಟಿನ ಬುಟ್ಟಿ ಅಲ್ಲೇ ಬಿಟ್ಟು ಬಂದೇನಿ.”

ಎತ್ತಿನ ಹೆಸರು ಸುಬೇದಾರ. ಅದನ್ನು ನಾನು ಬದಲಿಸಿರಲಿಲ್ಲ. ಎತ್ತಿನ ಗುರುತನ್ನೂ ಮುಚ್ಚಬೇಕೆಂದು ಯಾರಿಗೆ ಹೊಳೆಯುತ್ತದೆ?

“ಎತ್ತಿಗೆ ಸುಬೇದಾರ ಅಂತ ಹೆಸರಿಟ್ಟವರು ಈ ಸೀಮ್ಯಾಗ ನಮ್ಮವರು ಒಬ್ಬರೇರಿ. ‘ಪಲ್ಟಣಿಗೆ ಹೋದಮ್ಯಾಲೆ ಸುಬೇದಾರ ನನ್ನ ಬೈತಾನ, ಈಗs ನಾ ಅವನ್ನ ಬೈದು ಬಿಡತೀನಿ’ ಅಂತಿದ್ರು.”

ಈಕೆ ಕುಣಿಕೋಣೂರಿನ ಗಂಗವ್ವ. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ. ಯುದ್ಧ ಮುಗಿದ ಮೇಲೆ ಗಂಡನ ಬಗ್ಗೆ ಬಂದ ಸರಕಾರಿ ಕಾಗದದಲ್ಲಿ ‘ಪತ್ತೆಯಿಲ್ಲ’ ಎಂದಷ್ಟೇ ಇತ್ತಂತೆ.

“ಕಥೆಯೆಂದರೆ ಕಾಲ್ಪನಿಕ, ತಾಯಿ” ಎಂದೆ. (ಎಂಥ ಶುದ್ಧ ವಾಕ್ಯ!)

“ಹಂಗಂದ್ರ?”

“ಕಲ್ಪಿಸಿಕೊಂಡು ಬರೆದದ್ದು.”

“ಎತ್ತು ಖರೇ, ತುತ್ತು ಖರೇ. ಸಾವಷ್ಟ ನೀವು ಕಲ್ಪಿಸಿದ್ದೇನ್ರಿ?”

ಹೌದೆಂದಿದ್ದರೆ ಆಕೆ ಬಳೆಗಳೊಂದಿಗೆ ಮರಳುತ್ತಿದ್ದಳು. ಆ ‘ಹೌದು’ ನನ್ನ ನಾಲಗೆಯ ತುದಿಗೆ ಬಂದೂ ಇತ್ತು. ಆಕೆ ಕಾಯಲಿಲ್ಲ. “ಅವರ ಕೂಡ ಕ್ಯಾಂಪಿನಾಗ ಇದ್ದ ರಾಜೇಸಾಬ ಹೇಳಿದ್ದು ಹೌದಲ್ರಿ? ಬರ್ರಿ, ಲಗೂನ.” ಅವಳು ಮುಂದೆ, ನಾನು ಹಿಂದೆ.

ರಾಜೇಸಾಬ ಮಶೀನು ತುಳಿಯುತ್ತಿದ್ದವನು ಕಾಲು ನಿಲ್ಲಿಸಿದ. “ಬರ್ರಿ ಅಕ್ಕಾರ, ಕುಂದ್ರಿ. ಚಾ...”

“ಕುಂದ್ರಾಕ ಬಂದಿಲ್ಲ. ಏಳು ವರ್ಷದ ಹಿಂದ ನಮ್ಮ ಮನಿಗೆ ಬಂದು ಏನ ಹೇಳಿದಿ? ಬ್ಯಾರೆ ಕ್ಯಾಂಪಿಗೆ ಒಯ್ದಾರ, ಇವತ್ತಲ್ಲ ನಾಳೆ ಬರತಾರ ಅಂದಿ. ಹೌದಿಲ್ಲೊ?”

ಅವನು ನನ್ನತ್ತ ನೋಡಿದ. ನಾನು ಗೋಡೆಗೆ ತೂಗುಹಾಕಿದ್ದ ಅಂಗಿಗಳತ್ತ ನೋಡಿದೆ.

“ನೀವು ಬಾಗಲಾ ತೆಗದವರು ನನ್ನ ಬೆನ್ನ ಹಿಂದ ನೋಡಿದ್ರಿ ಅಕ್ಕಾರ, ಅವರೂ ಬಂದಾರೇನೋ ಅಂತ. ನಾಲಗಿ ಏಳಲಿಲ್ಲ.”

“ಅಂದ್ರ ಹೋಗ್ಯಾರ?”

“ಹೋಗ್ಯಾರ್ರಿ.”

ಆಕೆಯ ಒಂದು ಕೈ ಇನ್ನೊಂದು ಕೈಯ ಬಳೆಗಳನ್ನು ಹಿಡಿದುಕೊಂಡಿತು.

“ಅವರ ತುತ್ತು ತಿಂದವ ಯಾರು?”

ಕಥೆಯಲ್ಲಿ ಅವನು ಪಂಜಾಬಿ. ರಾಜೇಸಾಬ ನನಗೆ ಹಾಗೆಂದೇ ಹೇಳಿದ್ದ.

“ನಾನೇರಿ” ಎಂದ ರಾಜೇಸಾಬ. “ಮೊದಲ ಅವರು ಕೊಟ್ಟಾಗ ತಿಂದೆ. ಕಡೀಕ ಅವರಿಗೆ ಕಣ್ಣು ತೆರಿಯಾಕೂ ಆಗತಿರಲಿಲ್ಲ. ಆಗೂ ಸುಬೇದಾರನ ತುತ್ತು ತೆಗೆದಿಡತಿದ್ರು. ಕೇಳದ ತಿಂದೆ.”

ಕೂರಲು ಬಂದಿಲ್ಲವೆಂದಿದ್ದ ಗಂಗವ್ವ ಹೊಸ್ತಿಲ ಮೇಲೆ ಕುಳಿತಳು.

“ತಿಂದಿದ್ದಕ್ಕ ಬೈಯಂಗಿಲ್ಲೊ. ಏಳು ವರ್ಷ ಬಾಗಲಾ ಕಾಯಿಸಿದಿಯಲ್ಲ, ಅದಕ್ಕ ಬೈತೀನಿ.”

“ಬೈರಿ” ಎಂದ ಅವನು. ಆಕೆ ಬೈಯಲಿಲ್ಲ. ನನ್ನತ್ತ ತಿರುಗಿದಳು.

“ಮಾಸ್ತರ, ನಿಮ್ಮ ಪೇಪರದಾಗ ಸತ್ತವ ಯಾರೋ ಕೊಲ್ಹಾಪುರದವ. ಅವನ ಹೆಸರು ಹಿಡದು ನಾ ಹ್ಯಾಂಗ ಅಳ್ಲಿ? ನಮ್ಮವರ ಹೆಸರು ಹಾಕ್ರಿ.”

ಹೆಸರು ಮುಚ್ಚುವುದನ್ನು ನಾವು ದಯೆಯೆನ್ನುತ್ತೇವೆ. ಯಾರ ಮೇಲಿನ ದಯೆ? ಕ್ಯಾಂಪಿನ ಹಸಿವನ್ನು ಗೆದ್ದು ಬಂದವನಿಗೆ ಕುಣಿಕೋಣೂರಿನ ಒಂದು ಬಾಗಿಲ ಮುಂದೆ ನಾಲ್ಕು ಮಾತು ಆಡಲಾಗಲಿಲ್ಲ. ಅವನನ್ನು ಅನ್ನಲು ನಾನು ಯಾರು? ಪದವಿ ಪಡೆದವನು ಅಂಗಿಗಳನ್ನು ಎಣಿಸುತ್ತ ನಿಂತಿದ್ದೆನಲ್ಲ.

ಆದ್ದರಿಂದ, ಇಬ್ಬರ ಒಪ್ಪಿಗೆಯನ್ನೂ ಪಡೆದು, ನನ್ನ ಕಥೆಗೊಂದು ತಿದ್ದುಪಡಿ. ತುತ್ತು ತಿಂದು ಬದುಕಿದವನು ಪಂಜಾಬಿಯಲ್ಲ, ಉಮದಿಯ ದರ್ಜಿ ರಾಜೇಸಾಬ. ತುತ್ತಿಟ್ಟು ಸತ್ತವನು ಕೊಲ್ಹಾಪುರದ ಶಂಕರನಲ್ಲ, ಕುಣಿಕೋಣೂರಿನ ಗುರುಬಸಪ್ಪ.

ಎತ್ತಿನ ಹೆಸರೊಂದನ್ನೇ ನಾನು ಸರಿಯಾಗಿ ಬರೆದಿದ್ದೆ.